ಖತೀಜಾಗೆ ಬಾರದ ಕನ್ನಡ

ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಪುಣೆಯಲ್ಲಿ ಮನೆಗೊಬ್ಬರಾದರೂ ಜ್ವರ ಬಂದು ಮಲಗಿರುತ್ತಾರೆ. ಅದಕ್ಕೇ ನಮ್ಮ ಕನ್ನಡ ಮಹಿಳಾ ಮಂಡಳದವರು ಈ ಸಲದ ಸ್ನೇಹ ಸಮ್ಮೇಳನಕ್ಕೆ ಡೆಂಗಿ ಜ್ವರದ ಮೇಲೆ ಒಂದು ಸಣ್ಣ ನಾಟಕ ಆಡೋಣ ಎಂದರು. ಬರೆದವಳು ಶೈಲಶ್ರೀ. ಅವಳು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ. ಅವಳ ಅತ್ತೆ ರುದ್ರವ್ವ ಧಾರವಾಡದ ಹಳ್ಳಿಯವರು. ನಾಟಕದಲ್ಲೂ ಅವರಿಗೆ ಅತ್ತೆಯ ಪಾತ್ರವೇ ಸಿಕ್ಕಿತು. ಯಾರ ಮಾತನ್ನೂ ಕೇಳದ, ನೀರಿನ ಡ್ರಮ್ಮಿಗೆ ಮುಚ್ಚಳ ಹಾಕದ ಅತ್ತೆ.

ಒಂದು ಪಾತ್ರಕ್ಕೆ ಮಾತ್ರ ಜನ ಸಿಗಲಿಲ್ಲ. ಹಾಳೆಯಲ್ಲಿ ಅದಕ್ಕೆ ಹೆಸರಿರಲಿಲ್ಲ, 'ಮುಸ್ಲಿಂ ಹೆಂಗಸು' ಎಂದಷ್ಟೇ ಇತ್ತು. ಜ್ವರ ಬಂದರೂ ಗಂಡನ ಅಂಜಿಕೆಗೆ ದವಾಖಾನೆಗೆ ಹೋಗದೆ ಬುರ್ಖಾದೊಳಗೆ ಅಳುತ್ತ ಕೂಡುವವಳು.

"ಖತೀಜಾಬಾಯಿ ಅದಾರಲ್ಲ," ಎಂದಳು ಶೈಲಶ್ರೀ. "ಏಕದಮ್ ಪರ್ಫೆಕ್ಟ್."

ಖತೀಜಾ ನದಾಫ ಬೈಲಹೊಂಗಲ ಕಡೆಯವರು. ದೌಂಡ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಭಾನುವಾರಕ್ಕೊಮ್ಮೆ ಮಗಳು ಸನೋಬರಳನ್ನು ಕರೆದುಕೊಂಡು ರೈಲು ಹತ್ತಿ ಪುಣೆಯ ಶಿವಾಜಿನಗರಕ್ಕೆ ಬರುತ್ತಾರೆ. ಮಗಳು ಮಂಡಳದ ಕನ್ನಡ ಕ್ಲಾಸಿನಲ್ಲಿ ಕೂತರೆ ತಾಯಿ ಇತ್ತ ಹೆಂಗಸರ ಜೊತೆ ಹರಟೆಗೆ ಕೂಡುತ್ತಾರೆ. ನಾಟಕ ಎಂದ ಕೂಡಲೇ ಒಪ್ಪಿದರು.

"ನನಗ ನಾಟಕದ ಹುಚ್ಚ ಭಾಳ ಅದರಿ. ಸಾಲ್ಯಾಗಿದ್ದಾಗ ಆಡಿದ್ದು, ಮುಂದ ಯಾರೂ ಕರೀಲೇ ಇಲ್ಲ."

ತಾಲೀಮಿನ ದಿನ ಶೈಲಶ್ರೀ ಹಾಳೆ ಕೊಟ್ಟಳು. ಖತೀಜಾ ಕನ್ನಡಕ ಏರಿಸಿ ಓದಿದರು. "ನನ್ನ ಗಂಡ ಬೈತಾನ."

"ಹಂಗಲ್ರಿ, ಬರದಂಗ ಅನ್ರಿ. 'ಅರೇ ಬೆಹೆನ್, ನಮ್ದೂಕೆ ಗಂಡ ಬೈತಾಳೆ.'"

"ಗಂಡ ಹೆಂಗ ಬೈತಾಳ್ರಿ?"

ಎಲ್ಲರೂ ನಕ್ಕರು, ಖತೀಜಾ ಕೂಡ. ಮತ್ತೊಮ್ಮೆ ನೋಡಿದರು. "ನಮ್ದೂಕೆ ಜ್ವರ ಬಂದಾ... ಬಂದದ." ನಾಲಿಗೆ ತಪ್ಪಿನ ಕಡೆಗೆ ಹೊರಳಲೇ ಇಲ್ಲ.

"ಸರಿ ಇತ್ತಾಗ, ನಾ ಕಲಸ್ತೀನಿ," ಎಂದು ರುದ್ರವ್ವ ಎದ್ದರು. ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಕೈ ತಿರುವುತ್ತ, ಆ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದರು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದೇ ಹೊತ್ತಿಗೆ ಕ್ಲಾಸು ಬಿಟ್ಟಿತ್ತು. ಸನೋಬರ್ ಬಾಗಿಲಲ್ಲಿ ನಿಂತಿದ್ದಳು. ಹಿಂದಿನಿಂದ ಯಾವುದೋ ಮಗು, "ಏ ನಮ್ದೂಕೆ, ಸರಿಯಲೇ," ಎಂದಿತು. ಹುಡುಗಿ ತಲೆ ತಗ್ಗಿಸಿ ಹೊರಗೆ ನಡೆದಳು.

ಖತೀಜಾ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟರು. "ಶೈಲಶ್ರೀ, ಈ ಪಾರ್ಟು ನನ್ನ ಕೈಲೆ ಆಗೂದಿಲ್ಲವಾ."

"ಸಿಟ್ಟ ಬಂತೇನ್ರಿ? ಬರೇ ಕಾಮಿಡಿ ಅದು."

"ನನ್ನ ಮಗಳ ಹೆಸರು ಸನೋಬರ್. ಕ್ಲಾಸಿನಾಗ ಹುಡುಗ್ರು ಆಕೀನ್ನ ನಮ್ದೂಕೆ ಅಂತ ಕರೀತಾವ. ಯಾವುದೋ ವಿಡಿಯೋ ನೋಡಿ ಕಲ್ತಾವ. ಮಳಿಗಾಲ ಸುರು ಆದಾಗಿಂದ ಹಿಂಗ ಅದ. ಆಕಿ ಕನ್ನಡ ಓದ್ತಾಳ, ಬರೀತಾಳ, ಬಾಯಿ ಮಾತ್ರ ತಗಿಯೂದಿಲ್ಲ. ಈಗ ಸಮ್ಮೇಳನದಾಗ ತನ್ನ ತಾಯಿನ ಹಂಗ ಮಾತಾಡೂದು, ಮಂದಿ ನಗೂದು ನೋಡಿದ್ಲಂದ್ರ ಮುಗೀತು. ಮತ್ತ ಇಲ್ಲಿಗೆ ಬಾ ಅಂದ್ರ ಬರೂದಿಲ್ಲ."



"ಪಣ... ಆದ್ರ ಸರಿಯಾಗಿ ಮಾತಾಡಿದ್ರ ಮುಸ್ಲಿಂ ಅಂತ ಮಂದಿಗೆ ಗೊತ್ತ ಆಗೂದಿಲ್ಲಲ್ರಿ," ಎಂದಳು ಶೈಲಶ್ರೀ ಮೆಲ್ಲಗೆ.

"ಆಗಲಿಲ್ಲಂದ್ರ ಏನಾತು?"

ರುದ್ರವ್ವ ನಡುವೆ ಬಾಯಿ ಹಾಕಿದರು. "ಸಿನಿಮಾದಾಗ, ಸೀರಿಯಲ್ಲಿನಾಗ ಎಲ್ಲಾ ಕಡೆ ಹಂಗ ತೋರಸ್ತಾರಲ್ಲವಾ. ಇಲ್ಲದ್ದ ತೋರಸ್ತಾರೇನು?"

"ಅಳಾಕಿ ಇಲ್ಲಂತ ನಾ ಅನ್ನೂದಿಲ್ರಿ ಅವ್ವಾರ. ಎಲ್ಲಾ ಮಂದ್ಯಾಗೂ ಅದಾಳ. ಆದ್ರ ನಿಮ್ಮ ಪೈಕಿ ಅಳಾಕೀನೂ ಇರ್ತಾಳ, ನಗಸಾಕೀನೂ ಇರ್ತಾಳ, ಡಾಕ್ಟರೂ ಇರ್ತಾಳ, ಕಾಡೂ ಅತ್ತೀನೂ ಇರ್ತಾಳ. ನಮಗ ಅಳೂದೊಂದ ಕೊಟ್ಟಾರ. ಇಲ್ಲಾಂದ್ರ ಒಮ್ಮೆಲೆ ಹಾರ ಹಾಕ್ತಾರ, ನೋಡ್ರಿ, ಮುಸ್ಲಿಂ ಆಗಿ ಎಷ್ಟ ಮುಂದ ಬಂದಾಳ ಅಂತ. ನಾ ಟಿಕೆಟ್ ಕೊಡಾಕಿರಿ. ಚಿಲ್ರೆ ತರಲಿಲ್ಲಂದ್ರ ಬೈಯಾಕಿ."

"ಹಂಗಾರ ಬುರ್ಖಾ ತಗದಬಿಡೂಣೇನು?" ಎಂದಳು ಶೈಲಶ್ರೀ.

"ನಮ್ಮ ನಾದಿನಿ ಬುರ್ಖಾ ಹಾಕ್ತಾಳವಾ. ಅದನ್ನ ಹಾಕ್ಕೊಂಡ ಸ್ಕೂಟರ್ ಹೊಡೀತಾಳ, ಕಾಯಿಪಲ್ಲೆದವನ ಜೋಡಿ ಜಗಳಾನೂ ತಗೀತಾಳ. ತಕರಾರು ಬುರ್ಖಾದ್ದಲ್ಲ. ನೀ ಅದರೊಳಗ ಮನಶ್ಯಾರನ್ನ ಇಟ್ಟಿಲ್ಲ, ಅದು." ಖತೀಜಾ ರುದ್ರವ್ವನ ಕಡೆ ತಿರುಗಿದರು. "ಅವ್ವಾರ, ನಿಮ್ಮೂರಾಗ ನಮ್ಮ ಮಂದಿ ಇರಲಿಲ್ಲೇನ್ರಿ?"

"ಯಾಕಿಲ್ಲ, ಮಾಲನಬಿ ಇದ್ಲಲ್ಲ. ನಾವಿಬ್ರೂ ಕೂಡೇ ಹತ್ತಿ ಬಿಡಸಾಕ ಹೋಗತಿದ್ವಿ. ಏನ ಬಾಯಿ ಅಂತಿ ಆಕೀದು. ತೂಕದಾಗ ಮೋಸ ಮಾಡಿದ್ರ ಗೌಡರನ್ನೂ ಬಿಡ್ತಿದ್ದಿಲ್ಲ."

"ಆಕಿ ಹೆಂಗ ಮಾತಾಡ್ತಿದ್ಲು?"

ರುದ್ರವ್ವ ತೋರಿಸಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಮೂಗಿನ ಮೇಲಿದ್ದ ಸೆರಗನ್ನು ನಿಧಾನ ಇಳಿಸಿದರು.

"ನಾ ಮಾತಾಡಿದಂಗನ," ಎಂದರು. ಆಮೇಲೆ ಕುರ್ಚಿ ಹುಡುಕಿ ಕೂತರು. "ಹೌದಲ್ಲವಾ. ಮಾಲನಬಿ ದನಿ ನನ್ನ ಕಿವ್ಯಾಗ ಇರಬೇಕಾಗಿತ್ತು. ಆಕೀನ್ನ ಎಬ್ಬಿಸಿ ಈ ಟೀವಿಯಾಕಿ ಯಾವಾಗ ಬಂದು ಕುಂತ್ಲೋ, ತಿಳೀಲೇ ಇಲ್ಲ."

ಶೈಲಶ್ರೀ ಹಾಳೆ ಎತ್ತಿಕೊಂಡಳು. "ನಾ ಒಬ್ಬ ಮುಸ್ಲಿಂ ಹೆಣ್ಣಮಗಳ ಮನಿಗೂ ಎಂದೂ ಹೋಗಿಲ್ರಿ. ಸ್ಕ್ರೀನಿನಾಗ ನೋಡಿದ್ದ ಬರದೆ. ಈಗ ನಿಮಗ ಏನ್ ಬರೀಲಿ, ಹೇಳ್ರಿ."

"ಏನೂ ಬರೀಬ್ಯಾಡ. ಆ ಅತ್ತಿ ಪಾರ್ಟು ಕೊಡು."

"ಅದು ನಂದು," ಎಂದರು ರುದ್ರವ್ವ ತಟ್ಟನೆ. ಬಾಗಿಲಾಚೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದ ಸನೋಬರಳನ್ನು ಒಮ್ಮೆ ನೋಡಿದರು. "ಇರ್ಲಿ, ತಗೋ. ನಾ ಮಾಲನಬಿ ಆಗ್ತೀನಿ. ಆದ್ರ ಆಕಿ ಬೈದಂಗ ಬೈತೀನಿ ನೋಡು, ಮುಖಾ ಬಾಡಸಬ್ಯಾಡ."

"ಬೈರಿ. ಆ ಗಂಡ ಬೈಯೂದಕ್ಕಿಂತ ಚಲೋ."

ಸಮ್ಮೇಳನದ ದಿನ ಸಭಾಂಗಣ ತುಂಬಿತ್ತು. ಮಾಲನಬಿಯಾದ ರುದ್ರವ್ವ ಅತ್ತೆಯ ಡ್ರಮ್ಮಿನೊಳಗೆ ಇಣುಕಿದರು. "ಏನವಾ, ಸೊಳ್ಳಿ ಸಾಕೀಯಲ್ಲ, ಹಾಲ ಕೊಡ್ತಾವೇನು?"

ಅತ್ತೆಯಾದ ಖತೀಜಾ ಸೊಂಟದ ಕೀಲಿಕೈ ಗೊಂಚಲು ಸರಿಮಾಡಿಕೊಂಡರು. "ನನ್ನ ಡ್ರಮ್ಮು, ನನ್ನ ಸೊಳ್ಳಿ. ನಿನಗೇನ ಬ್ಯಾನಿ?"

"ಹಾರಿ ಬಂದು ನಮ್ಮ ಮನ್ಯಾಗ ಕಡೀತಾವಲ್ಲ, ಅದ ಬ್ಯಾನಿ."

ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಮಾಲನಬಿಯೇ ಡ್ರಮ್ಮನ್ನು ಉರುಳಿಸಿ, ಉಜ್ಜಿ ತೊಳೆದು, ಜ್ವರ ಬಂದ ಅತ್ತೆಯನ್ನು ರಕ್ತ ತಪಾಸಣೆಗೆ ಎಳೆದುಕೊಂಡು ಹೋದಳು.

ಸನೋಬರ್ ಮೊದಮೊದಲು ತನ್ನ ಚಪ್ಪಲಿ ನೋಡುತ್ತ ಕೂತಿದ್ದಳು. ನಗುವಿನ ಸದ್ದಿಗೆ ತಲೆ ಎತ್ತಿದವಳು ಮತ್ತೆ ತಗ್ಗಿಸಲಿಲ್ಲ. ಪಕ್ಕದ ಹುಡುಗಿ ಕೇಳಿದಳು, "ಆ ಡ್ರಮ್ಮಿನ ಅಜ್ಜಿ ಯಾರ?"

"ಅಜ್ಜಿ ಅಲ್ಲ, ನಮ್ಮಮ್ಮಿ," ಎಂದಳು ಸನೋಬರ್, ಹಿಂದಿನ ಸಾಲಿಗೂ ಕೇಳುವ ಹಾಗೆ. "ಮನ್ಯಾಗೂ ಹಿಂಗ ಜಗಳಾಡ್ತಾಳ. ನಿಂಗ ನಾಟಕ ಅನಸ್ತದ, ನಂಗ ದಿನಾ ಅದ."

ಅಕ್ಕ ತಂಗಿಯರೇ, ಟೀವಿಯಲ್ಲೋ ಮೊಬೈಲಿನಲ್ಲೋ ಮುಸ್ಲಿಂ ಹೆಣ್ಣುಮಗಳೊಬ್ಬಳ ಪಾತ್ರ ಬಂದಾಗ ಒಂದು ಗಳಿಗೆ ನಿಂತು ನೋಡಿ. ಅವಳಿಗೊಂದು ಹೆಸರಿದೆಯೇ, ಅಳುವುದನ್ನು ಬಿಟ್ಟು ಬೇರೆ ಕೆಲಸ ಇದೆಯೇ? ನಮಗೆ ನಗು ಬಂದದ್ದು ಅವಳು ಆಡಿದ ಮಾತಿಗೋ, ಅವಳು ಅವಳಾಗಿರುವುದಕ್ಕೋ? ಅವಳಾಗಿರುವುದಕ್ಕೇ ನಕ್ಕಿದ್ದರೆ ಆ ವಿಡಿಯೋ ಮುಂದಕ್ಕೆ ಕಳಿಸಬೇಡಿ, ನಿಮ್ಮಲ್ಲೇ ನಿಲ್ಲಲಿ. ನಿಮ್ಮ ಗಣಪತಿ ಪೆಂಡಾಲಿನ ನಾಟಕಕ್ಕೆ, ಮಕ್ಕಳ ವೇಷ ಸ್ಪರ್ಧೆಗೆ ಇಂಥ ಪಾತ್ರ ಬರೆಯುವ ಮುಂಚೆ ಓಣಿಯ ಆಚೆಗಿನ ಮುಸ್ಲಿಂ ನೆರೆಯವರ ಮನೆಗೆ ಹೋಗಿ ಒಂದು ಕಪ್ ಚಹಾ ಕುಡಿದು ಬನ್ನಿ. ಇನ್ನೊಂದು ಮಾತು. ನಿಮ್ಮ ಮಕ್ಕಳು ತಮ್ಮ ಕ್ಲಾಸಿನಲ್ಲಿ ಯಾರನ್ನು ಏನೆಂದು ಕರೆಯುತ್ತಾರೆ? ಇವತ್ತು ಊಟಕ್ಕೆ ಕೂತಾಗ ಕೇಳಿ.