ಗೌರಾಬಾಯಿಯ ಅರವಟ್ಟಿಗೆ

ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಸಿಂಗಾರ ಮಾಡಬೇಡ ಎಂಬ ಗಾದೆ ಕೇಳಿದರೆ ಗೌರಾಬಾಯಿ ಸಿಡುಕುತ್ತಿದ್ದಳು. ಗಂಡ ಸತ್ತ ಮೇಲೆ ಘತ್ತರಗಿಯ ದಾರಿಯಲ್ಲಿ ಅರವಟ್ಟಿಗೆ ಇಟ್ಟಿದ್ದಳು. ಬೇಸಿಗೆ ಪೂರ್ತಿ ತಾನೇ ಭೀಮಾ ಹೊಳೆಯಿಂದ ನೀರು ಹೊತ್ತು, ಅಲ್ಲಿನ ಭಾಗ್ಯವಂತಿ ದೇವಿಯ ದರ್ಶನಕ್ಕೆ ನಡೆದು ಹೋಗುವವರಿಗೆ ಬೆಲ್ಲದ ಚೂರಿನ ಜೊತೆ ಕೊಡುತ್ತಿದ್ದಳು. ಮನೆಯಲ್ಲಿ ಆಳುಗಳಿದ್ದರೂ ಆ ಕೊಡವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಒಬ್ಬಳೇ ಮಗಳು ಗಂಗಾಬಾಯಿ ತಂಬಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು.

ಬಸವಣ್ಣನ ಪಟಕ್ಕೆ ದಿನಾ ಹೂ ಏರಿಸುವ ಮನೆ ಅದು. ಆದರೂ ಊರ ಹೊರಗಿನ ಕೇರಿಯವರಿಗೆ ತಂಬಿಗೆ ಇಲ್ಲ. ದೂರದಿಂದ ಬಿದಿರಿನ ಕೊಳವೆಯಲ್ಲಿ ಬೊಗಸೆಗೆ ಸುರಿಯುವುದು. ಆ ಕೇರಿಯ ಮಲ್ಕಮ್ಮ ಮಾತ್ರ ಒಮ್ಮೆಯೂ ಬೊಗಸೆ ಒಡ್ಡಲಿಲ್ಲ. ಹೊಳೆಯ ಘಟ್ಟಕ್ಕೆ ಆ ಕೇರಿಯವರು ಇಳಿಯುವಂತಿರಲಿಲ್ಲ. ಅದಕ್ಕೆ ಆಕೆ ದೂರದ ಉಸುಕಿನಲ್ಲಿ ವರತಿ ತೋಡಿ, ಜಿನುಗಿದ ನೀರನ್ನು ಬಟ್ಟಲಿನಿಂದ ಮೊಗೆದು ಕೊಡ ತುಂಬಿಕೊಳ್ಳುತ್ತಿದ್ದಳು.

"ಸೊಕ್ಕು ನೋಡು ಆಕಿದು" ಎಂದು ಗೌರಾಬಾಯಿ ಗೊಣಗುತ್ತಿದ್ದಳು.

ಆ ವರ್ಷ ಮೇಲಿನ ಊರುಗಳಿಂದ ಕಾಲರಾ ಹೊಳೆಗುಂಟ ಇಳಿದು ಬಂತು. ನಿಜಾಮ ಸರ್ಕಾರದ ದವಾಖಾನೆಯವನು ಬಂದು, ನೀರು ಕುದಿಸಿ ಕೊಡಿ ಅಂದ.

"ಹೊಳಿ ಅಂದ್ರ ತಾಯಿ. ತಾಯೀನ ಯಾರರ ಕುದಸ್ತಾರೇನ್ರಿ?" ಎಂದು ಗೌರಾಬಾಯಿ ಅವನನ್ನೇ ಗದರಿಸಿ ಕಳಿಸಿದಳು.

ಜನ ಭಲೆ ಅಂದರು. ಭಲೆ ಅಂದು ಕುಡಿದವರು ದಾರಿಯುದ್ದಕ್ಕೂ ಸತ್ತರು. ಹೇಳಲು ಹೊಟ್ಟೆ ಉರಿಯುತ್ತದೆ, ಆದರೆ ಆ ಸಾವು ಹಬ್ಬಿದ್ದು ಈ ಪುಣ್ಯವಂತೆಯ ಕೊಡದಿಂದಲೇ.

ಕಡೆಗೆ ಗಂಗಾಬಾಯಿ ಮಲಗಿದಳು. ಕಣ್ಣು ಗುಳಿ ಬಿದ್ದು, ನೀರು ನೀರು ಎನ್ನುತ್ತಿದ್ದಳು. ಹೊಳೆಯ ನೀರು ಕುಡಿದಷ್ಟೂ ವಾಂತಿ ಹೆಚ್ಚಾಯಿತು. ಆಗ ಮಲ್ಕಮ್ಮ ಕೊಡ ಹೊತ್ತು ಅಂಗಳದಾಚೆ ಬಂದು ನಿಂತಳು.

"ಅವ್ವಾರೇ, ವರತಿ ನೀರು ತಂದೀನ್ರಿ. ಇದ ಕುಡದು ನಮ್ಮ ಓಣ್ಯಾಗ ಎಲ್ಲಾರೂ ಛಲೋ ಅದಾರ. ನಾ ಒಳಗ ಬರಂಗಿಲ್ರಿ. ನಿಮ್ಮ ಕೊಳವಿ ಇಡ್ರಿ, ಇಲ್ಲಿಂದೇ ಹಾಕ್ತೇನಿ."

"ಅವ್ವಾ, ಇಸ್ಕೋ" ಎಂದಳು ಗಂಗಾಬಾಯಿ.

ಗೌರಾಬಾಯಿ ಕೊಳವೆ ನೋಡಿದಳು, ಮಗಳನ್ನು ನೋಡಿದಳು. ಜೀವ ಬಾಯಿಗೆ ಬಂದಿತ್ತು. ಆದರೂ ಬಾಯಿಂದ ಬಂದ ಮಾತು ಬೇರೆ.

"ಕೊಡೋ ಮನಿ ಇದು, ಮಲ್ಕಿ. ನಿಮ್ಮ ಕೈಯಾಂದು ಇಸ್ಕೊಳ್ಳೋ ಮನಿ ಅಲ್ಲ. ಹೋಗಬೇ."

ಮಲ್ಕಮ್ಮ ಹೋಗಲಿಲ್ಲ. ಬಿಸಿಲು ಇಳಿಯುವವರೆಗೂ ಅಲ್ಲೇ ಕೂತಿದ್ದಳು. ಒಳಗಿನಿಂದ ಅಳು ಕೇಳಿದ ಮೇಲೆ ಎದ್ದು, ನೀರನ್ನು ಬೇವಿನ ಬುಡಕ್ಕೆ ಸುರಿದು ಹೋದಳು.

ಮದುವೆಗೆಂದು ತಂದಿಟ್ಟ ರೇಷ್ಮೆ ಸೀರೆಯನ್ನು ಗೌರಾಬಾಯಿ ಮಗಳಿಗೆ ಉಡಿಸಿ, ಜಡೆ ತುಂಬ ಹೂ ಮುಡಿಸಿದಳು. ಗಾದೆಯ ಉಳಿದರ್ಧವೂ ಆಯಿತು.

ಮರುವರ್ಷ ಗಂಗಾಬಾಯಿಯ ಹೆಸರಿನಲ್ಲಿ ಅರವಟ್ಟಿಗೆ ಮತ್ತೆ ಎದ್ದಿತು. ಗೌರಾಬಾಯಿಗೆ ಬುದ್ಧಿ ಬಂದಿರಲಿಲ್ಲವೆಂದು ಹೇಳುವಂತಿಲ್ಲ. ಹೊಳೆಯ ನೀರು ಬಿಟ್ಟು ಈಗ ಮಲ್ಕಮ್ಮ ತೋಡಿದ ವರತಿಯ ನೀರೇ ತುಂಬುತ್ತಿದ್ದಳು. ಐನೋರನ್ನು ಕರೆಸಿ ವರತಿಗೆ ಪೂಜೆ ಮಾಡಿಸಿ, ಮೈಲಿಗೆಯಾಗಬಾರದೆಂದು ಆ ಉಸುಕಿನ ದಂಡೆಗೆಲ್ಲ ಮುಳ್ಳುಬೇಲಿ ಹಾಕಿಸಿದ್ದಳು.

ಆ ಬೇಸಿಗೆ ಮಲ್ಕಮ್ಮ ಮೊದಲ ಸಲ ಅರವಟ್ಟಿಗೆಯ ಮುಂದೆ ಬೊಗಸೆ ಒಡ್ಡಿ ನಿಂತಳು. ಗೌರಾಬಾಯಿ ಕಣ್ಣು ತುಂಬಿಕೊಂಡು ಕೊಳವೆ ಚಾಚಿದಳು.

"ಹೊಟ್ಟಿ ತುಂಬ ಕುಡಿಬೇ, ಮಲ್ಕಿ. ನನ್ನ ಮಗಳ ಹೆಸರಿಂದು."