ಕರೆಯೊಳಗಿನ ಜಗಲಿ

“ಎಲ್ಲರೂ ಕಾಣ್ತೀವೇನ್ರೀ?” ಎಂದು ಚಂದ್ರಶೇಖರಪ್ಪ ಮತ್ತೊಮ್ಮೆ ಫೋನಿಗೆ ಮುಖ ಒಡ್ಡಿದರು. ಕಾಣುತ್ತಿದ್ದದ್ದು ಅವರ ಹಣೆಯ ವಿಭೂತಿ ಮಾತ್ರ. ಮಗಳು ಮಮತಾ ಫೋನನ್ನು ಹಿಂದಕ್ಕೆ ಸರಿಸಿ, ಅಪ್ಪನ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಟೀಪಾಯಿಯ ಮೇಲೆ ಉಪ್ಪಿಟ್ಟು, ಕೇಸರಿಬಾತು ಆರುತ್ತಿದ್ದವು. ಹೆಣ್ಣು ನೋಡುವವರು ಸೊರಬದಲ್ಲೇ ಕೂತು ನೋಡುತ್ತಾರೆ, ಇಲ್ಲಿ ತಿನ್ನುವವರು ಯಾರೂ ಇಲ್ಲ ಎಂದು ಎಷ್ಟು ಹೇಳಿದರೂ ಅವ್ವ ರಾಜೇಶ್ವರಮ್ಮ ಕಿವಿಗೆ ಹಾಕಿಕೊಂಡಿರಲಿಲ್ಲ. ಇಂಥ ದಿನ ಸುಮ್ಮನೆ ಕೈಕಟ್ಟಿ ಕೂರುವುದು ಆಕೆಯಿಂದಾಗದ ಕೆಲಸ.

ಪರದೆಯ ಒಂದು ಚೌಕದಲ್ಲಿ ಹುಡುಗ ರೇಣುಕಾಪ್ರಸಾದ್ ಮತ್ತು ಅವನ ಅಪ್ಪ ಸದಾಶಿವಪ್ಪ. ಇನ್ನೊಂದರಲ್ಲಿ, ಕುಬಟೂರಿನಿಂದ, ಹುಡುಗನ ಸೋದರತ್ತೆ ಈಶ್ವರಮ್ಮ. ತಾಯಿಯಿಲ್ಲದ ಹುಡುಗನನ್ನು ಸಾಕಿದಾಕೆ. ಆಕೆ ಹೂಂ ಅನ್ನದೆ ಆ ಮನೆಯಲ್ಲಿ ಎಮ್ಮೆ ಕೂಡ ಮಾರುವುದಿಲ್ಲ.

ಅವರೆಲ್ಲ ಸೇರಿದ್ದ ವಧೂವರರ ಆ್ಯಪ್ ಮಮತಾಳದೇ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ, ಗೊಬ್ಬರದಂಗಡಿಯ ಮಹಡಿಯಲ್ಲಿ ಕೂತು ಅವಳು ಕಟ್ಟಿದ್ದು. ಮೊದಲು ಫೋಟೊ, ಜಾತಕ ಮಾತ್ರ ಇದ್ದ ಅದಕ್ಕೆ ಈ ವರ್ಷ ಗುಂಪು ಕರೆ ಸೇರಿಸಿದ್ದಳು. ಊರೂರಲ್ಲಿರುವ ನೆಂಟರು ಒಟ್ಟಿಗೆ ಮುಖ ನೋಡಿ ಮಾತಾಡಲಿ ಎಂದು. ಮೊದಲ ಕರೆಯೇ ಎಡವಟ್ಟಾಯಿತು. ಗಂಡಿನವರು ಧ್ವನಿ ನಿಲ್ಲಿಸಿದ್ದೇವೆಂದುಕೊಂಡು ಹುಡುಗಿಯ ಹಲ್ಲಿನ ಬಗ್ಗೆ ಆಡಿದ್ದು ಹುಡುಗಿಯ ಅಪ್ಪನಿಗೇ ಕೇಳಿ, ಸಂಬಂಧ ಅಲ್ಲಿಗೇ ಮುರಿಯಿತು. ತಪ್ಪು ಯಾರದೆಂದು ಮಮತಾ ಬಹಳ ಯೋಚಿಸಿದಳು. ಹೆಣ್ಣು ನೋಡಲು ಬಂದವರು ಕೂತಲ್ಲೇ ಉತ್ತರ ಹೇಳುವುದುಂಟೇ? ಎದ್ದು ಜಗಲಿಗೆ ಹೋಗಿ, ತಮ್ಮ ತಮ್ಮಲ್ಲೇ ಗುಸುಗುಸು ಮುಗಿಸಿಕೊಂಡು ಒಳಗೆ ಬರಬೇಕು. ಕರೆಯಲ್ಲಿ ಎದ್ದು ಹೋಗಲು ಜಗಲಿಯೇ ಇರಲಿಲ್ಲ. ಆಮೇಲೆ ಅವಳು ಪರದೆಯ ಮೇಲೊಂದು ಗುಂಡಿ ಮಾಡಿ ಅದಕ್ಕೆ ‘ಜಗಲಿ’ ಎಂದೇ ಹೆಸರಿಟ್ಟಳು. ಅದನ್ನು ಒತ್ತಿದರೆ ಒಂದು ಕಡೆಯವರು ಮಾತ್ರ ಬೇರೆ ಕೋಣೆಗೆ ಹೋಗುತ್ತಾರೆ. ಅವರ ಮಾತು ಈಚೆಯವರಿಗೆ ಕೇಳುವುದಿಲ್ಲ. ಜನ ಮೆಚ್ಚಿಕೊಂಡರು.

“ಸರಿ ಕಣ್ರೀ, ನಾವೊಂದು ಗಳಿಗೆ ಜಗಲಿಗೆ ಹೋಗಿ ಬರ್ತೀವಿ,” ಎಂದರು ಸದಾಶಿವಪ್ಪ. ಎರಡು ಚೌಕಗಳೂ ಮಾಯವಾದವು.

ಮಮತಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮದುವೆಯಾದ ಮೇಲೂ ತನ್ನ ಆಫೀಸು ಬಿಡುವುದಿಲ್ಲ ಎಂಬ ಅವಳ ಒಂದೇ ಮಾತಿಗೆ ಹಿಂದಿನ ಸಂಬಂಧಗಳೆಲ್ಲ ತಪ್ಪಿದ್ದವು. ಆಗ ಅವಳಿಗೆ ಬೇಜಾರೇನೂ ಆಗಿರಲಿಲ್ಲ. ಈ ಸಲ ಹಾಗಲ್ಲ. ಶಿರಾಳಕೊಪ್ಪದ ಹೋಟೆಲಿನಲ್ಲಿ ರೇಣುಕಾಪ್ರಸಾದ್ ಜೊತೆ ಕೂತು ಮಾತಾಡಿ ಬಂದಾಗಿನಿಂದ ಅವಳಿಗೆ ಅವನೇ ಬೇಕಾಗಿದ್ದ.

“ಲೈನ್ ಹೆಂಗೈತೆ ನೋಡ್ಕಂಡ್ ಬರ್ತೀನವ್ವ,” ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲ್ಯಾಪ್‌ಟಾಪ್ ಮಂಚದ ಮೇಲಿತ್ತು. ಕರೆಗಳನ್ನು ಪರೀಕ್ಷಿಸಲೆಂದು ಅವಳು ತನಗೊಂದು ಕಳ್ಳಬಾಗಿಲು ಇಟ್ಟುಕೊಂಡಿದ್ದಳು. ಅದರಿಂದ ಒಳಹೊಕ್ಕರೆ ಹೆಸರೂ ಕಾಣದು, ಮುಖವೂ ಕಾಣದು. ಜನರ ಕೈಗೆ ಕೊಡುವ ಮೊದಲೇ ಅದನ್ನು ಮುಚ್ಚಬೇಕಿತ್ತು. ಇವತ್ತು ನಾಳೆ ಎಂದು ಉಳಿದುಹೋಗಿತ್ತು. ಬೇರೆಯವರ ಜಗಲಿಗೆ ಅವಳು ಎಂದೂ ಕಿವಿಗೊಟ್ಟವಳಲ್ಲ. ಕೋಣೆಯಲ್ಲಿ ಅತ್ತ ಹೋದಳು, ಇತ್ತ ಬಂದಳು. ಕಿಟಕಿ ತೆಗೆದಳು, ಮುಚ್ಚಿದಳು. ಲೈನ್ ಸರಿಯಿದೆಯೋ ಇಲ್ಲವೋ ನೋಡಲೇಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಇಯರ್‌ಫೋನ್ ಸಿಕ್ಕಿಸಿ ಒಳಹೊಕ್ಕಳು.

“ದಿನಾ ಶಿಕಾರಿಪುರಕ್ಕೆ ಹೋಗಿ ಬರ್ತಾಳಂತನಾ?” ಈಶ್ವರಮ್ಮನ ದನಿ.

“ಬಸ್ಸು ಐತಲ್ಲ ಮಾರಾಯ್ತಿ. ಹೋಗಿ ಬರ್ಲಿ,” ಎಂದರು ಸದಾಶಿವಪ್ಪ.

ಮಮತಾಳಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಸಾಕು, ಹೊರಗೆ ಬರಬೇಕು ಎಂದುಕೊಂಡಳು. ಬೆರಳು ಏಳಲಿಲ್ಲ.

“ಅಲ್ಲಾ, ಇದನ್ನ ಮಾಡಿದ್ದು ಆ ಹುಡುಗೀನೇ ಅಲ್ಲನಾ? ನಾವಿಲ್ಲಿ ಆಡಿದ್ದು ಅವಳಿಗೆ ಕೇಳ್ತಿದ್ರೆ?” ಎಂದಳು ಈಶ್ವರಮ್ಮ.

ರೇಣುಕಾಪ್ರಸಾದ್ ನಕ್ಕ. “ಕೇಳೋಕೆ ದಾರಿ ಇದ್ರೂ ಇರಬೌದು ಅತ್ತೆ. ಅವಳು ಕೇಳಲ್ಲ. ಅಂಥೋಳಲ್ಲ ಅನ್ನೋದಕ್ಕೇ ನಾನು ಒಪ್ಪಿದ್ದು.”

“ಹಂಗಾರೆ ನಂದೂ ಹೂಂ,” ಎಂದಳು ಅತ್ತೆ.

ಮಮತಾ ಇಯರ್‌ಫೋನ್ ಕಿತ್ತೆಸೆದಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು. ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಎಲ್ಲ ಸಲೀಸು.

“ಬಾರೇ, ಬಂದ್ರು,” ಎಂದು ಅವ್ವ ಬಾಗಿಲು ತಟ್ಟಿದಳು.

ಚೌಕಗಳು ಮತ್ತೆ ತುಂಬಿದ್ದವು. ಒಪ್ಪಿಗೆ ಎಂದು ಸದಾಶಿವಪ್ಪ ಹೇಳುತ್ತಿದ್ದಂತೆ ಚಂದ್ರಶೇಖರಪ್ಪ ಫೋನಿಗೇ ಕೈ ಮುಗಿದರು. ರಾಜೇಶ್ವರಮ್ಮ ಗಂಡನ ಬಾಯಿಗೊಂದು ಚಮಚ ಕೇಸರಿಬಾತು ಇಟ್ಟೇಬಿಟ್ಟಳು. ಆ ಕಡೆ ಈ ಕಡೆ ಎಲ್ಲರೂ ನಕ್ಕರು.

“ಹುಡುಗೀನೂ ಒಂದು ಮಾತು ಹೇಳ್ಲಿ,” ಎಂದಳು ಈಶ್ವರಮ್ಮ.

ರೇಣುಕಾಪ್ರಸಾದ್ ಪರದೆಯತ್ತ ಬಾಗಿದ. ಎಷ್ಟು ನಿಶ್ಚಿಂತೆಯ ಮುಖ ಅದು. ಇದೇ ಮುಖ ನೋಡುತ್ತ ದಿನಾ ಬೆಳಗ್ಗೆ ಚಹಾ ಕುಡಿಯಬೇಕು ಎಂಬುದು ನೆನಪಾಗಿ ಮಮತಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

“ನೀವು ಜಗಲಿಯಲ್ಲಿ ಆಡಿದ್ದು ನನಗೆ ಕೇಳಿಸ್ತು,” ಎಂದಳು. “ತಾನಾಗೇ ಕೇಳಿದ್ದಲ್ಲ. ನಾನೇ ಕೇಳಿಸ್ಕಂಡೆ.”

ಅಪ್ಪನ ಬಾಯಿಯ ಕೇಸರಿಬಾತು ಅಲ್ಲೇ ನಿಂತಿತು. ಈಶ್ವರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸದಾಶಿವಪ್ಪ ಮಗನ ಕಡೆ ನೋಡಿದರು, ಫೋನಿನ ಕಡೆ ನೋಡಲಿಲ್ಲ.

ರೇಣುಕಾಪ್ರಸಾದ್ ಎದ್ದ. ಚೌಕದಲ್ಲಿ ಅವನ ಅಂಗಿಯ ಗುಂಡಿಗಳು ಕಂಡವು, ಆಮೇಲೆ ಅವನ ಹಿಂದಿದ್ದ ಗೋಡೆ ಕಂಡಿತು. ಅವನ ಕೆಂಪು ಪ್ಲಾಸ್ಟಿಕ್ ಕುರ್ಚಿ ಖಾಲಿಯಾಗಿತ್ತು. ಜಗಲಿಯ ಕಡೆಯ ಬಾಗಿಲು ತೆಗೆದ ಸದ್ದು ಬಂತು, ಹಾಕಿದ ಸದ್ದು ಬರಲಿಲ್ಲ. ಯಾರೂ ಕರೆ ಮುಗಿಸಲಿಲ್ಲ. ಮಮತಾ ಆ ಕುರ್ಚಿಯನ್ನೇ ನೋಡುತ್ತ ಕೂತಿದ್ದಳು.