ಒಂದು ಮಡಿಲು ಉಣ್ಣೆಯ ದೂರ

ಬೆಂಗಳೂರಿನಲ್ಲಿ ಹಾರುವ ಯಂತ್ರ ನೋಡಿ ಬಂದ ಮೇಲೆ ಜಂಪಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಂಬಳಿ ಮಾರಲು ಹೋದವನು ಮೂಟೆಗಟ್ಟಲೆ ಮಾತು ಹೊತ್ತು ತಂದಿದ್ದಾನೆ ಎಂದು ಜನ ನಗುತ್ತಿದ್ದರು. ಅವನು ನನ್ನಿವಾಳದ ಸೂರಮ್ಮನ ಹಟ್ಟಿಗೆ ಬಂದದ್ದು ಮಾತ್ರ ಬೇರೆ ಕೆಲಸಕ್ಕೆ. ಮೊಳಕಾಲ್ಮೂರಿನಲ್ಲಿದ್ದ ತನ್ನ ತಮ್ಮನ ಮಗ ಬೋರಣ್ಣನಿಗೆ ಅವಳ ಮಗಳು ಹೊನ್ನಕ್ಕನನ್ನು ಕೇಳಬೇಕಿತ್ತು.

ಗಂಡ ಸತ್ತ ಮೇಲೆ ಕುರಿಗಳನ್ನೂ ಮಗಳನ್ನೂ ಒಬ್ಬಳೇ ಸಾಕಿದವಳು ಸೂರಮ್ಮ. "ಹುಡುಗ ಒಳ್ಳೇನು. ಊರು ದೂರ ಆತು," ಎಂದಳು.

"ಎಲ್ಲಿ ದೂರ? ದಾರಿ ಗುಡ್ಡ ಸುತ್ಕೊಂಡು ಹೋಗ್ತೈತೆ, ಅದಕ್ಕೆ ಹಂಗನ್ನಿಸ್ತೈತೆ. ಆ ಯಂತ್ರದಾಗೆ ನೆಟ್ಟಗೆ ಹಾರಿದ್ರೆ, ಎಲಡಿಕೆ ಅಗಿದು ಉಗಿಯೋದ್ರೊಳಗೆ ಮೊಳಕಾಲ್ಮೂರು."

"ಹಾರೋರಿಗೆ ಹತ್ತಿರಾನೇ. ನಾನು ನಡೆಯೋಳು. ಮಗಳಿಗೆ ಜ್ವರ ಬಂದ್ರೆ ನಿನ್ನ ಯಂತ್ರ ನಮ್ಮ ಹಟ್ಟಿ ಮುಂದೆ ಬಂದು ನಿಲ್ತೈತಾ?"

ಜಂಪಣ್ಣ ಮೀಸೆ ತಿರುವಿದ. ಕುರಿಯವರು ನಡೆಯುತ್ತಲೇ ಕದಿರು ತಿರುಗಿಸಿ ನೂಲುವ ಜನ. ದಾರಿಯನ್ನು ಅಳೆಯುವುದೂ ಉಣ್ಣೆಯಲ್ಲೇ. ಮಡಿಲ ತುಂಬ ಉಣ್ಣೆ ನೂತು ಮುಗಿಯುವುದರೊಳಗೆ ಸಿಕ್ಕುವ ಊರಿಗೆ ಹೆಣ್ಣು ಕೊಡಬಹುದು, ಅದರಾಚೆಗೆಲ್ಲ ಪರದೇಶ. ಸೂರಮ್ಮ ತಾನೇ ನಡೆದು ನೋಡುತ್ತೇನೆಂದಳು. ಹೊನ್ನಕ್ಕ ಅವ್ವನ ಮಡಿಲಿಗೆ ಉಣ್ಣೆ ತುಂಬಿಕೊಟ್ಟಳು.

ಇಬ್ಬರೂ ಹೊರಟು ಚಳ್ಳಕೆರೆ ದಾಟಿದರೂ ಜಂಪಣ್ಣನ ಮಾತಿನ ಯಂತ್ರ ನೆಲಕ್ಕಿಳಿಯಲಿಲ್ಲ. ಸೂರಮ್ಮನ ಕದಿರೂ ನಿಲ್ಲಲಿಲ್ಲ. ಮಾರನೆಯ ದಿನ ಜಟಿಂಗ ರಾಮೇಶ್ವರದ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಉಣ್ಣೆ ಮುಗಿದುಹೋಯಿತು. ಮೊಳಕಾಲ್ಮೂರು ಇನ್ನೂ ಮುಂದಿತ್ತು.

"ನಡಿ, ವಾಪಸ್ ಹೋಗಣ," ಎಂದಳು ಸೂರಮ್ಮ. ಗೆದ್ದಿದ್ದಳು, ಗೆದ್ದ ಸಂತೋಷವೂ ಆಯಿತು. ಮಗಳು ಇನ್ನು ಹತ್ತಿರದಲ್ಲೇ ಇರುತ್ತಾಳೆ.

ಖಾಲಿ ಮಡಿಲು ಕೊಡವುವಾಗ ಮಾತ್ರ ಕೈ ನಿಂತಿತು. ಹೊನ್ನಕ್ಕ ಆ ಉಣ್ಣೆಯನ್ನು ಹೇಗೆ ತುಂಬಿದ್ದಳು ಎಂಬುದು ನೆನಪಾಗಿತ್ತು. ಮುಷ್ಟಿಯಿಂದ ಗುದ್ದಿ ಗುದ್ದಿ, ಇನ್ನು ಹಿಡಿಸುವುದಿಲ್ಲ ಎಂದರೂ ಮತ್ತೊಂದು ಹಿಡಿ ತುರುಕಿದ್ದಳು. ಬಾಯಲ್ಲಿ ಹೇಳಲಾರದ ಹುಡುಗಿ ಕೈಯಲ್ಲಿ ಹೇಳಿದ್ದಳು. ಉಣ್ಣೆ ಮೊಳಕಾಲ್ಮೂರು ಮುಟ್ಟಲಿ ಎಂಬ ಅವಳ ಆಸೆ ಸೂರಮ್ಮನಿಗೆ ಹೊಳೆದದ್ದು ಈಗ.

ಅಲ್ಲೇ ಮಂದೆ ಕಾಯುತ್ತಿದ್ದ ಮುದುಕನ ಹತ್ತಿರ ಹೋಗಿ, "ಯಜಮಾನ್ರೇ, ಒಂದು ಮಡಿಲು ಉಣ್ಣೆ ಕೊಡ್ರಿ," ಎಂದಳು. ಅವನಲ್ಲಿದ್ದದ್ದು ಕರಿ ಉಣ್ಣೆ. ಅದನ್ನೇ ಮಡಿಲಿಗೆ ತುಂಬಿಕೊಂಡು ಮತ್ತೆ ಕದಿರು ತಿರುಗಿಸಿದಳು. ಯಂತ್ರದ ಸುದ್ದಿಯನ್ನು ಊರೂರಿಗೆ ಹಂಚಿದ ಜಂಪಣ್ಣ ಇದೊಂದನ್ನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

ಮೊಳಕಾಲ್ಮೂರು ನೋಡಿಕೊಂಡು ಸೂರಮ್ಮ ಊರಿಗೆ ಬಂದಾಗ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. "ದೂರ ಏನವ್ವ?" ಎಂದಳು ಹೊನ್ನಕ್ಕ.

"ಇಲ್ಲೇ ಐತೆ ಬಿಡೇ. ಉಣ್ಣೆ ಇನ್ನೂ ಮಿಕ್ಕೈತೆ ನೋಡು," ಎಂದು ಸೂರಮ್ಮ ಕಟ್ಟಿದ ಮಡಿಲನ್ನು ಹೊರಗಿನಿಂದಲೇ ತಟ್ಟಿ ತೋರಿಸಿ ಕಾಲು ಸೀರೆಯೊಳಗೆ ಎಳೆದುಕೊಂಡಳು.

ಹೊನ್ನಕ್ಕ ಕದಿರು ಕೈಗೆತ್ತಿಕೊಂಡಳು. ಒಳಸುತ್ತಿನಲ್ಲಿ ತಮ್ಮ ಕುರಿಗಳ ಕಂದು ನೂಲು, ಅದರ ಮೇಲೆ ದಪ್ಪಗೆ ಸುತ್ತಿದ ಕರಿ ನೂಲು. ತಮ್ಮ ಹಟ್ಟಿಯಲ್ಲಿ ಒಂದೂ ಕರಿ ಕುರಿ ಇರಲಿಲ್ಲ. ಅವಳು ಕದಿರು ಕೆಳಗಿಟ್ಟಳು. ಆಮೇಲೆ ಅವ್ವನ ಕಾಲನ್ನು ಸೀರೆಯೊಳಗಿಂದ ಎಳೆದು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಸವರತೊಡಗಿದಳು.

"ಹಂಗಾರೆ ನನ್ನ ನೋಡಾಕೆ ನೀನು ಬರಬೇಡವ್ವ," ಎಂದಳು. "ಹತ್ತಿರಾನೇ ಐತಲ್ಲ, ನಾನೇ ಬರ್ತಿರ್ತೀನಿ."